ಸಹಿ ಹಾಕುವ ಮುನ್ನ ಆ ಹಾಳೆಯನ್ನು ಓದಿದಿರಾ?

ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆಗಿದ್ದರೆ ಈ ದೃಶ್ಯ ನಿಮಗೆ ಗೊತ್ತಿರುತ್ತದೆ. ರಾತ್ರಿ ಒಂಬತ್ತರ ಸಮಯ. ಮರುದಿನ ಬೆಳಿಗ್ಗೆ ಏಳಕ್ಕೆ ಥಿಯೇಟರಿಗೆ ಕರೆದೊಯ್ಯುತ್ತಾರೆ. ರೋಗಿಗೆ ಆತಂಕ, ಜೊತೆಯಲ್ಲಿದ್ದವರಿಗೆ ಅದಕ್ಕಿಂತ ಹೆಚ್ಚು. ಅಷ್ಟರಲ್ಲಿ ನರ್ಸ್ ಒಬ್ಬರು ಪ್ಯಾಡಿಗೆ ಸಿಕ್ಕಿಸಿದ ಮೂರು ನಾಲ್ಕು ಹಾಳೆಗಳನ್ನು ತಂದು, "ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ" ಎಂದು ಬೆರಳಿಟ್ಟು ತೋರಿಸುತ್ತಾರೆ. ಹಾಳೆ ಇಂಗ್ಲಿಷಿನಲ್ಲಿದೆ, ಅಕ್ಷರ ಸಣ್ಣದು. ರೋಗಿಯ ಕೈಗೆ ಡ್ರಿಪ್ ಹಾಕಿರುವುದರಿಂದ ಮಗನೋ ಅಳಿಯನೋ ಸಹಿ ಮಾಡುತ್ತಾನೆ. ಒಂದು ನಿಮಿಷವೂ ಹಿಡಿಯುವುದಿಲ್ಲ. ಅದೇ ಮಗ ಒಂದು ಮಿಕ್ಸಿ ಕೊಳ್ಳುವಾಗ ಗ್ಯಾರಂಟಿ ಕಾರ್ಡನ್ನು ಎರಡು ಸಲ ತಿರುಗಿಸಿ ನೋಡಿರುತ್ತಾನೆ!

ಡಾಕ್ಟರಾಗಿ ನಾನೂ ಇಂಥ ಹಾಳೆಗಳಿಗೆ ಸಹಿ ಮಾಡಿಸಿದವನೇ. ಎಷ್ಟೋ ಸಲ ಏನನ್ನೂ ವಿವರಿಸದೆ, ಅದೊಂದು ಶಾಸ್ತ್ರವೆಂಬಂತೆ ಮಾಡಿಸಿದ್ದೇನೆ. ಆದ್ದರಿಂದ ಈ ವಾರದ ಮಾತು ನಿಮಗಷ್ಟೇ ಅಲ್ಲ, ನನ್ನಂಥವರಿಗೂ ಸೇರಿದ್ದು.

ಆರೋಗ್ಯದ ಅಂಕಣದಲ್ಲಿ ಕೋರ್ಟಿನ ಮಾತೇಕೆ ಎಂದು ನೀವು ಕೇಳಬಹುದು. ಕಾರಣ ಇಷ್ಟೆ. ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಹೇಗಿರಬೇಕು, ಯಾರು ಕೊಡಬೇಕು, ಎಲ್ಲಿಯವರೆಗೆ ಅದು ಸಲ್ಲುತ್ತದೆ ಎಂಬುದನ್ನೆಲ್ಲ ಒಂದೇ ಕಡೆ ಹೇಳುವ ಕಾಯಿದೆ ನಮ್ಮಲ್ಲಿಲ್ಲ. 1872ರ ಕರಾರು ಕಾಯಿದೆಯಲ್ಲಿ ಒಂದು ಸಾಲು, ವೈದ್ಯಕೀಯ ಪರಿಷತ್ತಿನ ನಿಯಮಗಳಲ್ಲಿ ಒಂದು ಸಾಲು, ಸಂವಿಧಾನದ 21ನೇ ವಿಧಿಯಲ್ಲಿ ಜೀವ ಮತ್ತು ಸ್ವಾತಂತ್ರ್ಯದ ಮಾತು. ಈ ಎಲುಬುಗಳಿಗೆ ಮಾಂಸ ತುಂಬಿದ್ದು ನ್ಯಾಯಾಲಯಗಳು. ಯಾರೋ ಒಬ್ಬ ರೋಗಿ ಹತ್ತು ಹದಿನೈದು ವರ್ಷ ಕೋರ್ಟಿಗೆ ಅಲೆದದ್ದರ ಫಲವಾಗಿ ನಿಮ್ಮ ನಮ್ಮ ಕಾನೂನು ತಯಾರಾಗಿದೆ. ಸುಪ್ರೀಂ ಕೋರ್ಟ್ ಹೇಳಿದ ಕಾನೂನು ದೇಶದ ಎಲ್ಲ ಕೋರ್ಟುಗಳಿಗೂ ಅನ್ವಯ. ಆದರೆ ಆ ತೀರ್ಪುಗಳು ವಾರ್ಡಿನವರೆಗೆ ಬಂದು ತಲುಪಿಲ್ಲ.

ಇವುಗಳಲ್ಲಿ ಪ್ರತಿಯೊಂದು ಕುಟುಂಬಕ್ಕೂ, ಮುಖ್ಯವಾಗಿ ಹೆಣ್ಣುಮಕ್ಕಳಿಗೆ, ತಿಳಿದಿರಲೇಬೇಕಾದ ಒಂದು ಪ್ರಕರಣವಿದೆ. 1995ರ ಮೇ ತಿಂಗಳು, ದೆಹಲಿ. ನಲವತ್ತನಾಲ್ಕು ವರ್ಷದ ಅವಿವಾಹಿತ ಮಹಿಳೆಯೊಬ್ಬರಿಗೆ ಒಂಬತ್ತು ದಿನಗಳಿಂದ ಮುಟ್ಟಿನ ಸ್ರಾವ ನಿಂತಿರಲಿಲ್ಲ. ಡಾಕ್ಟರರ ಬಳಿ ಹೋದರು. ಮರುದಿನ ಲ್ಯಾಪರೊಸ್ಕೋಪಿ, ಅಂದರೆ ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ದುರ್ಬೀನಿನಂಥ ನಳಿಗೆಯನ್ನು ತೂರಿಸಿ ನೋಡುವ ಪರೀಕ್ಷೆ, ಮಾಡೋಣವೆಂದಾಯಿತು. ಆಕೆ ಸಹಿ ಮಾಡಿದ ಹಾಳೆಯಲ್ಲಿ ಇದ್ದದ್ದು ಅದೇ. ಜೊತೆಗೆ ಹೊಟ್ಟೆ ತೆರೆಯಬೇಕಾಗಬಹುದು ಎಂಬ ಮಾತು. ಆಕೆಗೆ ಅರಿವಳಿಕೆ ಕೊಟ್ಟು ಪರೀಕ್ಷೆ ನಡೆಯುತ್ತಿದ್ದಾಗ ಸಹಾಯಕ ವೈದ್ಯೆ ಹೊರಗೆ ಬಂದು, ಕಾದು ಕುಳಿತಿದ್ದ ವೃದ್ಧ ತಾಯಿಯಿಂದ ಗರ್ಭಕೋಶ ತೆಗೆಯಲು ಒಪ್ಪಿಗೆ ಪಡೆದರು. ಗರ್ಭಕೋಶ, ಎರಡು ಅಂಡಾಶಯ, ಎರಡು ನಾಳ ಎಲ್ಲವನ್ನೂ ತೆಗೆದರು. ಎಚ್ಚರವಾದಾಗ ಆಕೆಗೆ ಅದು ಗೊತ್ತಿರಲಿಲ್ಲ.

ಅಂಡಾಶಯಗಳೆರಡನ್ನೂ ತೆಗೆಯುವುದೆಂದರೆ ಏನೆಂದು ಒಂದು ಮಾತು ಹೇಳಬೇಕು. ಸಹಜವಾಗಿ ಮುಟ್ಟು ನಿಲ್ಲುವುದು ಕೆಲವು ವರ್ಷಗಳಲ್ಲಿ ನಿಧಾನವಾಗಿ ನಡೆಯುವ ಕ್ರಿಯೆ. ದೇಹ ಅದಕ್ಕೆ ಹೊಂದಿಕೊಳ್ಳಲು ಸಮಯವಿರುತ್ತದೆ. ಅಂಡಾಶಯ ಹೋದರೆ ಈಸ್ಟ್ರೊಜೆನ್ ಒಮ್ಮೆಲೇ ಇಳಿಯುತ್ತದೆ. ಮೈ ಬಿಸಿಯೇರುವುದು, ಬೆವರು, ನಿದ್ದೆ ಬಾರದಿರುವುದು, ಮನಸ್ಸಿನ ಖಿನ್ನತೆ ಕೆಲವೇ ದಿನಗಳಲ್ಲಿ ಶುರುವಾಗಬಹುದು. ಮೂಳೆ ಸವೆತ ಬೇಗ ಬರುತ್ತದೆ, ಹೃದ್ರೋಗದ ಸಂಭವವೂ ಹೆಚ್ಚುತ್ತದೆ. ಕೆಲವು ರೋಗಗಳಲ್ಲಿ ಇಷ್ಟೆಲ್ಲ ಗೊತ್ತಿದ್ದೂ ತೆಗೆಯಲೇಬೇಕಾಗುತ್ತದೆ, ನಿಜ. ಆದರೆ ಆ ನಿರ್ಧಾರ ಯಾರದು?

ಡಾಕ್ಟರರ ವಾದ ಪೊಳ್ಳೇನೂ ಆಗಿರಲಿಲ್ಲ. ಒಳಗೆ ರೋಗ ತೀವ್ರವಾಗಿ ಹರಡಿತ್ತು, ಇದೇ ಸರಿಯಾದ ಚಿಕಿತ್ಸೆ, ಇನ್ನೊಮ್ಮೆ ಆಪರೇಷನ್ ಮಾಡಿಸಿಕೊಳ್ಳುವ ಕಷ್ಟವನ್ನೂ ಖರ್ಚನ್ನೂ ಉಳಿಸಿದೆ ಎಂದರು. ರಾಷ್ಟ್ರೀಯ ಗ್ರಾಹಕ ಆಯೋಗ ದೂರನ್ನು ತಳ್ಳಿಹಾಕಿತು. ಆಕೆ ಬಿಡಲಿಲ್ಲ. 2008ರ ಜನವರಿ 16ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅದನ್ನು ಬರೆದವರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದ ಆರ್.ವಿ. ರವೀಂದ್ರನ್. ರೋಗ ಪತ್ತೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಒಪ್ಪಿಗೆಯಲ್ಲ. ಒಂದು ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಲ್ಲದು. ಪ್ರಾಪ್ತ ವಯಸ್ಸಿನ, ಬುದ್ಧಿ ಸ್ವಾಧೀನವಿರುವ ರೋಗಿ ತಾತ್ಕಾಲಿಕವಾಗಿ ಅರಿವಳಿಕೆಯಲ್ಲಿದ್ದಾಳೆಂದು ತಾಯಿಯ ಒಪ್ಪಿಗೆ ಪಡೆಯುವುದು ಒಪ್ಪಿಗೆಯೇ ಅಲ್ಲ. ಜೀವಕ್ಕೆ ಅಥವಾ ಆರೋಗ್ಯಕ್ಕೆ ಅಪಾಯವಿದ್ದು ಎಚ್ಚರವಾಗುವವರೆಗೆ ಕಾಯಲಾಗದಿದ್ದರೆ ಮಾತ್ರ ಮಾತು ಬೇರೆ. ಇಲ್ಲಿ ಕಾಯಬಹುದಿತ್ತು. ಉದ್ದೇಶ ಒಳ್ಳೆಯದೇ ಆಗಿರಬಹುದು, ಚಿಕಿತ್ಸೆ ಸರಿಯೇ ಇರಬಹುದು. ಆದರೂ ಒಪ್ಪಿಗೆಯಿಲ್ಲದೆ ಮಾಡಿದ್ದು ತಪ್ಪು ಎಂದಿತು ಕೋರ್ಟು.

ಮಹಿಳೆ ಕೇಳಿದ್ದು 25 ಲಕ್ಷ ರೂಪಾಯಿ. ಸಿಕ್ಕಿದ ಪರಿಹಾರ 25 ಸಾವಿರ; ಜೊತೆಗೆ ಡಾಕ್ಟರರಿಗೆ ಆಪರೇಷನ್ನಿನ ಶುಲ್ಕ ಸಲ್ಲುವುದಿಲ್ಲವೆಂಬ ಆದೇಶ. ಹದಿಮೂರು ವರ್ಷದ ಹೋರಾಟಕ್ಕೆ ಇದು ಎಷ್ಟರ ಹಣ? ಲೆಕ್ಕ ಹಾಕುವುದು ಬೇಡ.

ಅದೇ ತೀರ್ಪು ಡಾಕ್ಟರರು ಏನೇನು ಹೇಳಬೇಕೆಂಬುದನ್ನೂ ನಿಗದಿ ಮಾಡಿತು. ಚಿಕಿತ್ಸೆ ಯಾವುದು, ಹೇಗೆ ಮಾಡುತ್ತಾರೆ, ಯಾಕೆ, ಪ್ರಯೋಜನವೇನು, ಬೇರೆ ದಾರಿಗಳಿವೆಯೇ, ಮುಖ್ಯ ಅಪಾಯಗಳೇನು, ಮಾಡಿಸದಿದ್ದರೆ ಏನಾಗುತ್ತದೆ. ಇಷ್ಟನ್ನು ಹೇಳಲೇಬೇಕು. ಆದರೆ ಅಪರೂಪದ ಅಪಾಯಗಳನ್ನೆಲ್ಲ ಹೇಳಿ ರೋಗಿಯನ್ನು ಹೆದರಿಸಬೇಕಿಲ್ಲ. ಅಮೆರಿಕದ ಕೋರ್ಟುಗಳು ಕೇಳುವಷ್ಟು ವಿವರ ನಮ್ಮ ದೇಶದ ಸ್ಥಿತಿಗೆ ಹೊಂದುವುದಿಲ್ಲ, ಇಲ್ಲಿ ಬಹಳ ಮಂದಿ ಬಡವರು, ಡಾಕ್ಟರರನ್ನು ನಂಬಿ ಬರುವವರು ಎಂದೂ ಕೋರ್ಟು ಹೇಳಿತು. ಇಲ್ಲಿ ನನಗೆ ಪೂರ್ತಿ ಸಮಾಧಾನವಿಲ್ಲ. ಬಡವನಿಗೆ ಅಪಾಯ ತಿಳಿಯುವ ಹಕ್ಕು ಕಡಿಮೆಯೇ? ಹೊಲದಲ್ಲಿ ಯಾವ ಔಷಧಿ ಹೊಡೆದರೆ ಏನಾಗುತ್ತದೆಂದು ತೂಗಿ ನೋಡುವ ರೈತನಿಗೆ ತನ್ನ ಹೊಟ್ಟೆಯ ವಿಷಯ ಅರ್ಥವಾಗದೇನು? ನಾವು ಅವನ ಭಾಷೆಯಲ್ಲಿ ಹೇಳುವುದಿಲ್ಲ, ಅಷ್ಟೆ. ಯಾವ ಬ್ರಿಟಿಷ್ ಮಾದರಿಯ ಕಡೆಗೆ ನಮ್ಮ ಕೋರ್ಟು ವಾಲಿತೋ ಆ ಬ್ರಿಟನ್ನೇ 2015ರಲ್ಲಿ ದಾರಿ ಬದಲಿಸಿತು. ಸಕ್ಕರೆ ಕಾಯಿಲೆಯಿದ್ದ ಗರ್ಭಿಣಿಯೊಬ್ಬಳಿಗೆ ಸಹಜ ಹೆರಿಗೆಯಲ್ಲಿ ಮಗುವಿನ ಭುಜ ಸಿಕ್ಕಿಕೊಳ್ಳುವ ಅಪಾಯವನ್ನು ಹೇಳಿರಲಿಲ್ಲ, ಮಗು ತೀವ್ರ ಅಂಗವೈಕಲ್ಯದಿಂದ ಹುಟ್ಟಿತು. ಅಪಾಯ ಮುಖ್ಯವೋ ಅಲ್ಲವೋ ಎಂಬುದನ್ನು ಡಾಕ್ಟರರ ಕಣ್ಣಿನಿಂದಲ್ಲ, ರೋಗಿಯ ಕಣ್ಣಿನಿಂದ ನೋಡಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ನಮ್ಮಲ್ಲೂ ಈ ಮಾತು ಮತ್ತೆ ಚರ್ಚೆಯಾಗಬೇಕು.

ಇನ್ನು ಗಂಡನ ಸಹಿಯ ವಿಷಯ. ಪಿತ್ತಕೋಶದ ಕಲ್ಲು ತೆಗೆಯಲೂ ಹೆಂಡತಿಯ ಹಾಳೆಗೆ ಗಂಡನ ಸಹಿ ಕೇಳುವ ಆಸ್ಪತ್ರೆಗಳಿವೆ. 2002ರ ವೈದ್ಯಕೀಯ ನಡವಳಿಕೆಯ ನಿಯಮಗಳ ಭಾಷೆಯೇ ಗೊಂದಲದ್ದು: ಗಂಡ ಅಥವಾ ಹೆಂಡತಿ, ಅಪ್ರಾಪ್ತರಾದರೆ ತಂದೆ ತಾಯಿ ಅಥವಾ ಪೋಷಕರು, ಇಲ್ಲವೇ ಸ್ವತಃ ರೋಗಿ ಎಂದು ಪಟ್ಟಿ ಕೊಡುತ್ತದೆ. ರೋಗಿ ಬಂದದ್ದು ಕೊನೆಯಲ್ಲಿ! ಸಂತಾನಶಕ್ತಿ ಹೋಗಬಹುದಾದ ಆಪರೇಷನ್ನಿಗೆ ದಂಪತಿಗಳಿಬ್ಬರ ಒಪ್ಪಿಗೆಯೂ ಬೇಕೆನ್ನುತ್ತದೆ. ಆದರೆ 2008ರ ತೀರ್ಪಿನ ನಂತರ ಒಂದು ವಿಷಯದಲ್ಲಿ ಸಂದೇಹ ಬೇಡ. ಎಚ್ಚರದಲ್ಲಿರುವ, ತಿಳಿವಳಿಕೆಯುಳ್ಳ ವಯಸ್ಕ ರೋಗಿಯ ಒಪ್ಪಿಗೆಯಿಲ್ಲದೆ ಬೇರೆ ಯಾರು ಸಹಿ ಹಾಕಿದರೂ ಅದು ಆಕೆಯ ಒಪ್ಪಿಗೆಯಾಗುವುದಿಲ್ಲ. ಗರ್ಭಪಾತದ ವಿಷಯದಲ್ಲಂತೂ 1971ರ ಕಾಯಿದೆಯೇ ವಯಸ್ಕ ಮಹಿಳೆಯ ಒಪ್ಪಿಗೆ ಒಂದೇ ಸಾಕು ಎನ್ನುತ್ತದೆ. ಕೈಗೆ ಡ್ರಿಪ್ ಹಾಕಿದ್ದರೆ ಇನ್ನೊಂದು ಕೈಯಿಂದ ಹೆಬ್ಬೆಟ್ಟು ಒತ್ತಬಹುದು. ಅಳಿಯಂದಿರು ಪಕ್ಕದಲ್ಲಿ ಸಾಕ್ಷಿಯಾಗಿ ಸಹಿ ಹಾಕಲಿ.

ಆ ಹಾಳೆಯ ಕೊನೆಯಲ್ಲಿ ಸಾಮಾನ್ಯವಾಗಿ ಇನ್ನೊಂದು ವಾಕ್ಯವಿರುತ್ತದೆ: ಏನೇ ಆದರೂ ಆಸ್ಪತ್ರೆಯಾಗಲಿ ವೈದ್ಯರಾಗಲಿ ಜವಾಬ್ದಾರರಲ್ಲ. ಇದನ್ನು ನೋಡಿ ಬಹಳ ಮಂದಿ, ಸಹಿ ಹಾಕಿಬಿಟ್ಟೆವಲ್ಲ, ಇನ್ನೇನು ಮಾಡಲು ಸಾಧ್ಯ ಎಂದು ಕೈಚೆಲ್ಲುತ್ತಾರೆ. ಕರಾರು ಕಾಯಿದೆಯ ಪ್ರಕಾರ ಇಬ್ಬರೂ ಒಂದೇ ಸಂಗತಿಯನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಅದು ಒಪ್ಪಿಗೆ. ಓದಲು ಬಾರದ ಭಾಷೆಯಲ್ಲಿ, ವಿವರಿಸದ ಹಾಳೆಯಲ್ಲಿ ಆ ಒಂದೇ ಅರ್ಥ ಎಲ್ಲಿಂದ ಬರಬೇಕು? 1986ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ಆ ಮೊಕದ್ದಮೆಗೂ ಆಸ್ಪತ್ರೆಗೂ ಸಂಬಂಧವಿಲ್ಲ. ಸರ್ಕಾರಿ ಒಳನಾಡು ಜಲಸಾರಿಗೆ ನಿಗಮವೊಂದು ಮೂರು ತಿಂಗಳ ನೋಟಿಸು ಕೊಟ್ಟು, ಕಾರಣ ಹೇಳದೆ ಯಾರನ್ನಾದರೂ ಮನೆಗೆ ಕಳಿಸಬಹುದೆಂಬ ಷರತ್ತು ಹಾಕಿಕೊಂಡಿತ್ತು. ಬಲಾಬಲದಲ್ಲಿ ಸಮನಲ್ಲದವರ ನಡುವೆ, ಅಚ್ಚಾದ ನಮೂನೆಗೆ ಸಹಿ ಹಾಕುವುದಲ್ಲದೆ ಬೇರೆ ಗತಿಯಿಲ್ಲದವನ ಮೇಲೆ ಹೇರಿದ ಅನ್ಯಾಯದ ಷರತ್ತು ಊರ್ಜಿತವಲ್ಲ ಎಂದಿತು ಕೋರ್ಟು. ರಾತ್ರಿ ಒಂಬತ್ತಕ್ಕೆ ವಾರ್ಡಿನಲ್ಲಿ ಮಲಗಿರುವವರಿಗಿಂತ ಬಲ ಕಡಿಮೆಯಿರುವವರು ಇನ್ಯಾರು?

ಆದ್ದರಿಂದ ಆ ವಾಕ್ಯ ನಿರ್ಲಕ್ಷ್ಯದ ಹೊಣೆಯಿಂದ ಯಾರನ್ನೂ ಪಾರುಮಾಡುವುದಿಲ್ಲ. ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಎಷ್ಟೇ ಜಾಗ್ರತೆ ವಹಿಸಿದರೂ ಕೆಲವು ತೊಡಕುಗಳು ಆಗಿಯೇ ಆಗುತ್ತವೆ, ಅವೆಲ್ಲ ನಿರ್ಲಕ್ಷ್ಯವಲ್ಲ. ಮೊದಲೇ ಹೇಳಿದ್ದ ಅಪಾಯ ಸಂಭವಿಸಿತೆಂದು ಆಸ್ಪತ್ರೆಯ ಗಾಜು ಒಡೆಯುವವರ ಪರವಾಗಿ ಯಾವ ತೀರ್ಪೂ ಇಲ್ಲ. ವೈದ್ಯರನ್ನು ಕ್ರಿಮಿನಲ್ ಮೊಕದ್ದಮೆಗೆ ಗುರಿಪಡಿಸಬೇಕಾದರೆ ನಿರ್ಲಕ್ಷ್ಯ ಘೋರವಾಗಿರಬೇಕೆಂದು 2005ರಲ್ಲಿ ಅದೇ ಕೋರ್ಟು ಹೇಳಿದೆ.

ನಷ್ಟ ಪರಿಹಾರಕ್ಕೆ ಗ್ರಾಹಕ ನ್ಯಾಯಾಲಯಕ್ಕೆ ಹೋಗುವ ದಾರಿಯೂ ತೀರ್ಪಿನಿಂದಲೇ ತೆರೆದದ್ದು. 1986ರ ಗ್ರಾಹಕ ಕಾಯಿದೆ ಆಸ್ಪತ್ರೆಯ ಹೆಸರೆತ್ತಿರಲಿಲ್ಲ. ಆ ಕಾಯಿದೆ ವೈಯಕ್ತಿಕ ಸೇವೆಯ ಕರಾರನ್ನು ಹೊರಗಿಟ್ಟಿದೆ, ನಮ್ಮದೂ ಅಂಥ ಸೇವೆಯೇ ಎಂದು ವೈದ್ಯರ ಸಂಘ ವಾದಿಸಿತು. 1995ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಮನೆಯಾಳು ಯಜಮಾನ ಹೇಳಿದಂತೆ ಕೆಲಸ ಮಾಡುತ್ತಾನೆ. ವೈದ್ಯರು ರೋಗಿ ಹೇಳಿದಂತೆ ಕತ್ತರಿ ಹಿಡಿಯುತ್ತಾರೆಯೇ? ಆದ್ದರಿಂದ ಎರಡೂ ಒಂದೇ ಬಗೆಯ ಕರಾರಲ್ಲ. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆ ಹೊರಗೆ ಉಳಿಯಿತು. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ಕೊಡುವ ಕಡೆ ಉಚಿತ ರೋಗಿಯೂ ದೂರು ಕೊಡಬಹುದೆಂದಾಯಿತು. 2024ರ ಮೇ ತಿಂಗಳಲ್ಲಿ ವಕೀಲರ ಮೊಕದ್ದಮೆಯೊಂದರಲ್ಲಿ ಈ ತೀರ್ಪನ್ನು ಮತ್ತೆ ಪರಿಶೀಲಿಸಬೇಕೆಂಬ ಮಾತು ಬಂದಿತ್ತು. ಅದೇ ವರ್ಷ ನವೆಂಬರಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದರ ಅಗತ್ಯವಿಲ್ಲವೆಂದಿತು.

ತುರ್ತು ಚಿಕಿತ್ಸೆಗೆ ಹಾಳೆಯೇ ಬೇಕಿಲ್ಲ. ಕಾರು ಹೊಡೆದು ಬಿದ್ದ ಸ್ಕೂಟರ್ ಸವಾರನೊಬ್ಬನನ್ನು ಪೊಲೀಸ್ ಕೇಸೆಂದು ಹತ್ತಿರದ ಆಸ್ಪತ್ರೆ ವಾಪಸು ಕಳಿಸಿತು, ಇಪ್ಪತ್ತು ಕಿಲೋಮೀಟರ್ ದಾರಿಯಲ್ಲಿ ಆತ ತೀರಿಕೊಂಡ. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಒಬ್ಬರು ಸುಪ್ರೀಂ ಕೋರ್ಟಿಗೆ ಹೋದರು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಮೊದಲು ಜೀವ ಉಳಿಸಬೇಕು, ಕಾಗದಪತ್ರ ಆಮೇಲೆ ಎಂದು 1989ರಲ್ಲಿ ತೀರ್ಪಾಯಿತು. 1992ರಲ್ಲಿ ರೈಲಿನಿಂದ ಬಿದ್ದ ಬಂಗಾಳದ ಕೃಷಿ ಕಾರ್ಮಿಕನೊಬ್ಬನನ್ನು ಹಾಸಿಗೆಯಿಲ್ಲವೆಂದು ಸರ್ಕಾರಿ ಆಸ್ಪತ್ರೆಗಳು ಒಂದರ ನಂತರ ಒಂದು ಹಿಂದೆ ಕಳಿಸಿದವು. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಸುಮಾರು 17 ಸಾವಿರ ಖರ್ಚಾಯಿತು. ಹಣವಿಲ್ಲವೆಂದು ಸರ್ಕಾರ ಈ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ, ಇದು ಜೀವದ ಹಕ್ಕಿನ ಭಾಗ ಎಂದಿತು 1996ರ ತೀರ್ಪು. ಅಲ್ಲಿ ಕೊಟ್ಟ ಪರಿಹಾರವೂ 25 ಸಾವಿರವೇ.

ಈಗ ಗುಟ್ಟಿನ ಮಾತಿಗೆ ಬರೋಣ. ಒಬ್ಬರು ಮದರಾಸಿನ ಆಸ್ಪತ್ರೆಯಲ್ಲಿ ಬಂಧುವಿಗಾಗಿ ರಕ್ತ ಕೊಡಲು ಹೋದಾಗ ಎಚ್.ಐ.ವಿ. ಇರುವುದು ಪತ್ತೆಯಾಯಿತು. ಸುದ್ದಿ ಹೊರಬಿತ್ತು, ಗೊತ್ತಾಗಿದ್ದ ಮದುವೆ ಮುರಿಯಿತು, ಊರು ಬಿಡಬೇಕಾಯಿತು. 1998ರಲ್ಲಿ ಸುಪ್ರೀಂ ಕೋರ್ಟ್, ರೋಗಿಯ ಗೋಪ್ಯತೆ ಹಕ್ಕೇ ಸರಿ, ಆದರೆ ಮದುವೆಯಾಗಲಿರುವ ಹುಡುಗಿಯ ಆರೋಗ್ಯ ಅದಕ್ಕಿಂತ ದೊಡ್ಡದು ಎಂದಿತು. ಅಲ್ಲಿಗೆ ನಿಲ್ಲದೆ ಇಂಥವರಿಗೆ ಮದುವೆಯ ಹಕ್ಕೇ ಇಲ್ಲವೆಂಬಂತೆ ಬರೆಯಿತು. ಆ ಮಾತು ಅನಗತ್ಯವಾಗಿತ್ತೆಂದು 2002ರಲ್ಲಿ ತಾನೇ ತಿದ್ದಿಕೊಂಡಿತು. ಕೋರ್ಟುಗಳೂ ಎಡವುತ್ತವೆ. ಆ ನಾಲ್ಕು ವರ್ಷ ಎಷ್ಟು ಜನರ ತಲೆಯ ಮೇಲೆ ಆ ಮಾತು ತೂಗಿತ್ತೋ! 2017ರಲ್ಲಿ ಎಚ್.ಐ.ವಿ. ರೋಗಿಗಳ ಗೋಪ್ಯತೆಗೆ ಪ್ರತ್ಯೇಕ ಕಾಯಿದೆಯೇ ಬಂತು.

ಅದೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಆಧಾರ್ ವಿರುದ್ಧ ಆ ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ! 2024ರಲ್ಲಿ ತೀರಿಕೊಂಡರು. ಕಾನೂನು ಓದುವ ವಿದ್ಯಾರ್ಥಿಗಳಿಗೆಲ್ಲ ಅವರ ಹೆಸರು ಬಾಯಿಪಾಠ.

ಆದರೆ ನಮ್ಮ ಮನೆಗಳಲ್ಲಿ ನಡೆಯುವುದೇನು? ತಂದೆಗೆ ಕ್ಯಾನ್ಸರ್ ಎಂದು ತಿಳಿದೊಡನೆ ಮಕ್ಕಳು ಡಾಕ್ಟರರ ಕೋಣೆಗೆ ಮೊದಲೇ ನುಗ್ಗಿ, "ಅವರಿಗೆ ಹೇಳಬೇಡಿ ಸಾರ್, ತಡೆದುಕೊಳ್ಳಲಾರರು" ಎನ್ನುತ್ತಾರೆ. ಆಮೇಲೆ ಚಿಕ್ಕಪ್ಪನಿಗೆ, ಬೀಗರಿಗೆ, ವಾಟ್ಸಾಪ್ ಬಳಗಕ್ಕೆ ರಿಪೋರ್ಟು ಹೋಗುತ್ತದೆ. ಊರಿಗೆಲ್ಲ ಗೊತ್ತು, ರೋಗಿಗೊಬ್ಬರಿಗೆ ಗೊತ್ತಿಲ್ಲ. ಪ್ರೀತಿಯಿಂದಲೇ ಮಾಡುತ್ತಾರೆ, ನಾನು ಅಲ್ಲಗಳೆಯುವುದಿಲ್ಲ; ಎಷ್ಟೋ ಸಲ ಅವರ ಮಾತಿಗೆ ತಲೆಯಾಡಿಸಿದ್ದೇನೆ ಕೂಡ. ಈಗ ಹಾಗೆ ಮಾಡುವುದಿಲ್ಲ. ರೋಗಿಯನ್ನೇ ಒಬ್ಬರನ್ನಾಗಿ ಕೂರಿಸಿ, "ನಿಮ್ಮ ಕಾಯಿಲೆಯ ವಿವರ ನಿಮಗೆ ಹೇಳಲೇ, ಅಥವಾ ಯಾರಿಗೆ ಹೇಳಬೇಕೆಂದು ನೀವೇ ಸೂಚಿಸುತ್ತೀರಾ?" ಎಂದು ಕೇಳುತ್ತೇನೆ. ಹೆಚ್ಚಿನವರಿಗೆ ಅಷ್ಟರಲ್ಲಿ ಅರ್ಧ ಗೊತ್ತೇ ಇರುತ್ತದೆ. ಕೆಲವರು, "ನನ್ನ ಮಗಳಿಗೆ ಹೇಳಿ, ನನಗೆ ಬೇಡ" ಎನ್ನುತ್ತಾರೆ. ಅದೂ ಅವರದೇ ನಿರ್ಧಾರ.

ಇದುವರೆಗೆ ಹೇಳಿದ್ದು ಆಸ್ಪತ್ರೆ ಬರೆದು ನೀವು ಸಹಿ ಹಾಕುವ ಹಾಳೆಯ ಕತೆ. ನೀವೇ ಬರೆದು ಆಸ್ಪತ್ರೆ ಪಾಲಿಸಬೇಕಾದ ಹಾಳೆಯೂ ಒಂದಿದೆ. ಗುಣವಾಗುವ ಆಸೆಯಿಲ್ಲದ ಸ್ಥಿತಿಯಲ್ಲಿ ಯಂತ್ರಗಳಿಂದ ಉಸಿರು ಎಳೆಯುವುದು ಬೇಡವೆಂದು ಮುಂಚಿತವಾಗಿ ಬರೆದಿಡುವ ಇಚ್ಛಾಪತ್ರ. ಇದಕ್ಕೂ ಕಾಯಿದೆಯಿಲ್ಲ, 2018ರ ತೀರ್ಪೇ ಆಧಾರ. ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕಾಗಿದ್ದುದನ್ನು 2023ರಲ್ಲಿ ಸರಳಗೊಳಿಸಿ, ಇಬ್ಬರು ಸಾಕ್ಷಿಗಳ ಜೊತೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕೆಂದರು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಇದನ್ನು ಜಾರಿಗೊಳಿಸುವ ಸುತ್ತೋಲೆ ಹೊರಡಿಸಿದೆ. ಇದರ ಬಗ್ಗೆ ಮನೆಯಲ್ಲಿ ಮಾತಾಡುವುದು ಅಪಶಕುನವೆಂದುಕೊಳ್ಳಬೇಡಿ.

ಮತ್ತೆ ರಾತ್ರಿ ಒಂಬತ್ತರ ಆ ವಾರ್ಡಿಗೆ ಬರೋಣ. ಒಪ್ಪಿಗೆ ಪಡೆಯಬೇಕಾದವರು ನರ್ಸ್ ಅಲ್ಲ, ಕತ್ತರಿ ಹಿಡಿಯುವ ಡಾಕ್ಟರು. ಪಡೆಯಬೇಕಾದದ್ದು ಕನ್ನಡದಲ್ಲಿ, ಹಿಂದಿನ ರಾತ್ರಿಯಲ್ಲ, ಆಪರೇಷನ್ನಿನ ದಿನ ಗೊತ್ತುಮಾಡುವಾಗಲೇ. ಸರ್ಕಾರಿ ಆಸ್ಪತ್ರೆಗಳು ಇದನ್ನು ಮೊದಲು ಶುರುಮಾಡಿದರೆ ಖಾಸಗಿಯವರೂ ಹಿಂಬಾಲಿಸುತ್ತಾರೆ ಎಂಬುದು ನನ್ನ ಅಭಿಪ್ರಾಯ. ಖರ್ಚೇನೂ ಹೆಚ್ಚಿಲ್ಲ, ಹಾಳೆ ಅಚ್ಚು ಹಾಕಿಸುವ ಹಣ ಮತ್ತು ಡಾಕ್ಟರರ ಹತ್ತು ನಿಮಿಷ. ಅಲ್ಲಿಯವರೆಗೆ ನೀವು ಮಾಡಬಹುದಾದದ್ದು ಇದು. ಖಾಲಿ ಜಾಗಗಳನ್ನು ತುಂಬದ ಹಾಳೆಗೆ ಸಹಿ ಹಾಕಬೇಡಿ. ಯಾವ ಆಪರೇಷನ್ ಎಂಬುದನ್ನು ಬರೆಸಿ, ಅದನ್ನು ಕನ್ನಡದಲ್ಲಿ ಹೇಳಿಸಿಕೊಳ್ಳಿ. ಒಪ್ಪದ ಸಂಗತಿಯನ್ನು ಕೈಯಲ್ಲೇ ಬರೆಯಿರಿ: "ಜೀವಕ್ಕೆ ಅಪಾಯವಿಲ್ಲದಿದ್ದರೆ ನನ್ನನ್ನು ಕೇಳದೆ ಗರ್ಭಕೋಶ, ಅಂಡಾಶಯ ತೆಗೆಯಕೂಡದು." ಕನ್ನಡದಲ್ಲಿ ಬರೆದರೂ ನಡೆಯುತ್ತದೆ. ಸಹಿ ಹಾಕಿದ ಮೇಲೆ ಒಂದು ಜೆರಾಕ್ಸ್ ಕೇಳಿ. ಆ ಹೊತ್ತಿನಲ್ಲಿ ಕೊಡದಿದ್ದರೆ ಆಮೇಲೆ ಲಿಖಿತವಾಗಿ ಕೇಳಿದರೂ ಸರಿ. 2002ರ ಅದೇ ನಿಯಮಗಳ ಪ್ರಕಾರ ರೋಗಿಯ ದಾಖಲೆಗಳನ್ನು 72 ಗಂಟೆಯೊಳಗೆ ಕೊಡಬೇಕು.